ಮೂವರು ಸೇರಿ ಕಂಪನಿ ಕಟ್ಟಿದ್ದೇವೆ: ಹೂಡಿಕೆದಾರರು ನಮ್ಮಲ್ಲಿ ಏನನ್ನು ನೋಡುತ್ತಾರೆ?

ಲಾಟ್ ಚೀಟಿ (ಬಳ್ಳಾರಿ)

ಎಲ್ಲರಿಗೂ ನಮಸ್ಕಾರ. ನಾವು ಮೂವರು ಗೆಳೆಯರು ಬಳ್ಳಾರಿಯ ಜೀನ್ಸ್ ಘಟಕಗಳಿಗಾಗಿ ಒಂದು ಮೊಬೈಲ್ ಆ್ಯಪ್ ಕಟ್ಟಿದ್ದೇವೆ. ಈ ಕಸುಬು ಗೊತ್ತಿಲ್ಲದವರಿಗಾಗಿ ಸ್ವಲ್ಪ ಹೇಳುತ್ತೇನೆ. ನಮ್ಮೂರಿನಲ್ಲಿ ಒಂದು ಪ್ಯಾಂಟು ಒಂದೇ ಸೂರಿನಡಿ ತಯಾರಾಗುವುದು ಕಡಿಮೆ. ಕಟಿಂಗ್ ಒಂದು ಕಡೆ, ಹೊಲಿಗೆ ಇನ್ನೊಂದು ಕಡೆ, ಎಷ್ಟೋ ಸಲ ಮನೆಗಳಲ್ಲಿ. ಅಲ್ಲಿಂದ ಕಾಜಾ-ಬಟನ್, ವಾಷಿಂಗ್, ದಾರ ಕತ್ತರಿಸುವುದು, ಇಸ್ತ್ರಿ, ಪ್ಯಾಕಿಂಗ್. ಪ್ರತಿ ಹಂತದಲ್ಲೂ ಮಾಲು ಕೈ ಬದಲಾಗುತ್ತದೆ, ಪ್ರತಿಯೊಬ್ಬರೂ ತಮ್ಮ ತಮ್ಮ ನೋಟ್‌ಬುಕ್ಕಿನಲ್ಲಿ ಲೆಕ್ಕ ಬರೆದುಕೊಳ್ಳುತ್ತಾರೆ. ಸಾವಿರ ಪೀಸು ಹೋದ ಲಾಟು ಕೊನೆಯಲ್ಲಿ ಒಂಬೈನೂರ ಎಂಬತ್ತಾಗಿ ಬಂದರೆ ಇಪ್ಪತ್ತು ಎಲ್ಲಿ ಹೋದವು ಎಂಬ ಜಗಳ ಶುರುವಾಗುತ್ತದೆ. ನಮ್ಮ ಆ್ಯಪ್‌ನಲ್ಲಿ ಲಾಟಿಗೊಂದು ಸಂಕೇತ ಇರುತ್ತದೆ, ಕೈ ಬದಲಾದಾಗಲೆಲ್ಲ ಕೊಟ್ಟವರೂ ತೆಗೆದುಕೊಂಡವರೂ ಮೊಬೈಲಿನಲ್ಲಿ ಒಪ್ಪಿಗೆ ಹಾಕುತ್ತಾರೆ. ಕೆಲವು ಘಟಕಗಳು ದಿನವೂ ಬಳಸುತ್ತಿವೆ, ಅವುಗಳಲ್ಲಿ ಅರ್ಧದಷ್ಟು ತಿಂಗಳಿಗಿಷ್ಟು ಎಂದು ಹಣ ಕೊಡುತ್ತಿವೆ.

ಈಗ ಪ್ರಶ್ನೆಗೆ ಬರುತ್ತೇನೆ. ಬೆಂಗಳೂರಿನಲ್ಲಿ ಒಬ್ಬ ಹೂಡಿಕೆದಾರರನ್ನು ಭೇಟಿಯಾಗಿದ್ದೆವು. ಆ್ಯಪ್ ತೋರಿಸಲು ತಯಾರಾಗಿ ಹೋಗಿದ್ದರೆ ಅವರು ಅದನ್ನು ಐದು ನಿಮಿಷ ನೋಡಿದರು. ಉಳಿದ ಹೊತ್ತೆಲ್ಲ ನಮ್ಮ ಬಗ್ಗೆಯೇ ಕೇಳಿದರು: ನಿಮಗೆ ಎಷ್ಟು ವರ್ಷದ ಪರಿಚಯ, ಒಟ್ಟಿಗೆ ಯಾವ ಕೆಲಸ ಮಾಡಿದ್ದೀರಿ, ಮೂವರಲ್ಲಿ ಭಿನ್ನಾಭಿಪ್ರಾಯ ಬಂದರೆ ಯಾರ ಮಾತು ನಡೆಯುತ್ತದೆ, ಒಬ್ಬರು ಬಿಟ್ಟುಹೋದರೆ ಅವರ ಪಾಲು ಏನಾಗುತ್ತದೆ. ನಮಗೆ ಮೂವರಿಗೂ ಸಮಪಾಲು ಎಂದೆವು. "ಯಾಕೆ ಸಮ?" ಎಂದು ಕೇಳಿದಾಗ ಗೆಳೆಯರಲ್ಲವೇ ಎನ್ನುವುದನ್ನು ಬಿಟ್ಟರೆ ಬೇರೆ ಉತ್ತರ ನಮ್ಮಲ್ಲಿರಲಿಲ್ಲ.

ನಮ್ಮ ವಿವರ: ನಾನು ಮತ್ತು ನನ್ನ ಸಹಪಾಠಿ ಇಂಜಿನಿಯರಿಂಗ್ ಓದಿದವರು, ಇಬ್ಬರೂ ಕೋಡ್ ಬರೆಯುತ್ತೇವೆ. ಮೂರನೆಯ ಗೆಳೆಯನ ಮನೆಯವರದು ಹೊಲಿಗೆ ಘಟಕ. ಗಿರಾಕಿಗಳೆಲ್ಲ ಅವನಿಂದಲೇ ಬಂದವರು. ಆದರೆ ಅವನು ಅರ್ಧ ದಿನ ತಂದೆಯ ಘಟಕದಲ್ಲಿರುತ್ತಾನೆ. ಅವನ ತಂದೆ ಒಪ್ಪದ ಕಾರಣ ಕಂಪನಿ ನೋಂದಣಿಯಲ್ಲಿ ಸದ್ಯಕ್ಕೆ ನಮ್ಮಿಬ್ಬರ ಹೆಸರು ಮಾತ್ರ ಇದೆ. ನನ್ನ ಸೋದರಮಾವ ಕಂಪನಿಗೆಂದು ಐದು ಲಕ್ಷ ಕೊಟ್ಟಿದ್ದಾರೆ. ಹೂಡಿಕೆದಾರರು ತಂಡದಲ್ಲಿ ನಿಜವಾಗಿ ಏನನ್ನು ಹುಡುಕುತ್ತಾರೆ? ತಿಳಿದವರು ಹೇಳಿ.

ಎಡದಂಡೆ (ಸಿಂಧನೂರು, ಈಗ ಬೆಂಗಳೂರು)

ಬಳ್ಳಾರಿಯ ಗೆಳೆಯರೇ, ನಾನು ಕೆಲವು ವರ್ಷ ಒಂದು ಹೂಡಿಕೆ ಸಂಸ್ಥೆಯಲ್ಲಿ ಅರ್ಜಿಗಳನ್ನು ಓದಿ ಆರಿಸುವ ಕೆಲಸ ಮಾಡಿದ್ದೇನೆ. ನಿಮ್ಮನ್ನು ಕೇಳಿದ ಪ್ರಶ್ನೆಗಳಲ್ಲಿ ಒಂದೂ ಕಾಲಹರಣದ್ದಲ್ಲ.

ಆರಂಭದ ಹಂತದಲ್ಲಿ ಹೂಡಿಕೆದಾರರ ಮುಂದೆ ತೂಗಿ ನೋಡುವಂಥದ್ದು ಬಹಳ ಕಡಿಮೆ ಇರುತ್ತದೆ. ಮೂರು ವರ್ಷದ ಲೆಕ್ಕಪತ್ರ ಇರುವುದಿಲ್ಲ, ಲಾಭ ಇರುವುದಿಲ್ಲ, ಆ್ಯಪ್ ಕೂಡ ಆರು ತಿಂಗಳಲ್ಲಿ ಬೇರೆಯೇ ಆಗಬಹುದು. ಬದಲಾಗದೆ ಉಳಿಯುತ್ತದೆ ಎಂದು ಅವರು ನಂಬಬೇಕಾದದ್ದು ನಿಮ್ಮನ್ನು. ಅಮೆರಿಕದಲ್ಲಿ ಬರ್ನ್‌ಸ್ಟೀನ್, ಕೋರ್ಟೆವೆಗ್ ಮತ್ತು ಲಾಸ್ ಎಂಬ ಮೂವರು ಸಂಶೋಧಕರು ಒಂದು ಪ್ರಯೋಗ ಮಾಡಿ 2017ರಲ್ಲಿ ಪ್ರಕಟಿಸಿದರು. ಏಂಜೆಲ್‌ಲಿಸ್ಟ್ ಜಾಲತಾಣದ ಸುಮಾರು ನಾಲ್ಕೂವರೆ ಸಾವಿರ ಹೂಡಿಕೆದಾರರಿಗೆ 21 ನವೋದ್ಯಮಗಳ ಬಗ್ಗೆ ಇಮೇಲ್ ಹೋಯಿತು. ಕೆಲವರಿಗೆ ತಂಡದ ಹಿನ್ನೆಲೆ ಕಾಣುವಂತೆ, ಕೆಲವರಿಗೆ ವ್ಯಾಪಾರದ ಬೆಳವಣಿಗೆ ಕಾಣುವಂತೆ, ಕೆಲವರಿಗೆ ಈಗಾಗಲೇ ಹಣ ಹಾಕಿದವರ ಹೆಸರು ಕಾಣುವಂತೆ, ಯಾರಿಗೆ ಯಾವುದು ಎಂಬುದನ್ನು ಚೀಟಿ ಎತ್ತಿದಂತೆ ಹಂಚಿದ್ದರು. ಸರಾಸರಿ ಹೂಡಿಕೆದಾರರು ಗಟ್ಟಿಯಾಗಿ ಸ್ಪಂದಿಸಿದ್ದು ತಂಡದ ಮಾಹಿತಿಗೆ ಮಾತ್ರ. ಪಾಲ್ ಗೊಂಪರ್ಸ್ ಮತ್ತು ಸಂಗಡಿಗರು ನವೋದ್ಯಮಗಳಿಗೆ ಹಣ ಹಾಕುವ 885 ವೆಂಚರ್ ಕ್ಯಾಪಿಟಲ್ ಹೂಡಿಕೆದಾರರನ್ನು ಕೇಳಿದಾಗ ಶೇ. 47ರಷ್ಟು ಮಂದಿ ಹೂಡಿಕೆಯ ನಿರ್ಧಾರದಲ್ಲಿ ತಂಡವೇ ಎಲ್ಲಕ್ಕಿಂತ ಮುಖ್ಯ ಎಂದಿದ್ದರು.

ಸಮಪಾಲಿನ ಪ್ರಶ್ನೆಯನ್ನು ಯಾಕೆ ಕೇಳಿದರು ಎಂಬುದಕ್ಕೂ ಕಾರಣವಿದೆ. ಥಾಮಸ್ ಹೆಲ್‌ಮನ್ ಮತ್ತು ನೋಮ್ ವಾಸರ್ಮನ್ ಅವರ ಅಧ್ಯಯನದಲ್ಲಿ, ಪಾಲಿನ ಬಗ್ಗೆ ಹೆಚ್ಚು ಚರ್ಚಿಸದೆ ಬೇಗನೆ ಸಮವಾಗಿ ಹಂಚಿಕೊಂಡ ತಂಡಗಳಿಗೆ ಹೊರಗಿನ ಹೂಡಿಕೆ ಸಿಗುವುದು ಕಷ್ಟವಾಗಿತ್ತು. ಇಲ್ಲಿ ಒಂದು ಸೂಕ್ಷ್ಮವಿದೆ. ಸಮಪಾಲಿನಿಂದಲೇ ಕಂಪನಿ ಕೆಟ್ಟಿತು ಎಂದು ಅವರು ಹೇಳುವುದಿಲ್ಲ. ಕಷ್ಟದ ಮಾತನ್ನು ಎದುರುಬದುರು ಕುಳಿತು ಆಡಲಾಗದ ತಂಡ ಸಮಪಾಲಿಗೆ ಬೇಗ ಒಪ್ಪಿಬಿಡುತ್ತದೆ, ಹೂಡಿಕೆದಾರರಿಗೆ ಅಳುಕು ಇರುವುದು ಆ ಸ್ವಭಾವದ ಬಗ್ಗೆ. ನಾಳೆ ನೌಕರರನ್ನು ತೆಗೆಯಬೇಕಾಗುತ್ತದೆ, ದೊಡ್ಡ ಗಿರಾಕಿಗೆ ಇಲ್ಲ ಎನ್ನಬೇಕಾಗುತ್ತದೆ. ತಮ್ಮ ತಮ್ಮಲ್ಲೇ ಖಡಾಖಂಡಿತವಾಗಿ ಮಾತನಾಡಲು ಬಾರದವರು ಅದನ್ನು ಹೇಗೆ ಮಾಡುತ್ತಾರೆ ಎಂಬುದು ಅವರ ಲೆಕ್ಕಾಚಾರ. ಹಗಲು ರಾತ್ರಿ ಚರ್ಚಿಸಿದ ಮೇಲೂ ಸಮಪಾಲೇ ಸರಿ ಎಂದು ನಿಮಗೆ ಕಂಡರೆ ಅದಕ್ಕೆ ಕಾರಣ ಕೊಡಲು ನಿಮಗೆ ಬರುತ್ತದೆ, ಅಷ್ಟು ಸಾಕು.

ಕಾಜಾ ಬಟನ್ (ಬಳ್ಳಾರಿ)

ತಮ್ಮಾ, ನನ್ನದು ಇಪ್ಪತ್ತು ಮೆಷಿನ್‌ಗಳ ಸಣ್ಣ ಘಟಕ. ಅಮೆರಿಕದ ಅಧ್ಯಯನ ನನಗೆ ತಿಳಿಯದು. ನಮ್ಮಂಥವರು ನಿಮ್ಮ ಆ್ಯಪ್‌ಗೆ ಯಾಕೆ ಹಣ ಕೊಡುತ್ತೇವೆ, ಯಾಕೆ ಕೊಡುವುದಿಲ್ಲ ಎಂಬುದನ್ನು ಹೇಳಬಲ್ಲೆ.

ಈ ಹಿಂದೆಯೂ ಲೆಕ್ಕದ ಸಾಫ್ಟ್‌ವೇರ್ ಎಂದು ನಮ್ಮ ಬಾಗಿಲಿಗೆ ಬಂದವರಿದ್ದಾರೆ. ಚೆನ್ನಾಗಿ ಮಾತನಾಡಿದರು, ಹಾಕಿಕೊಟ್ಟರು, ಹೋದರು. ವಾರದ ಬಟವಾಡೆಯ ದಿನ ನಮ್ಮಲ್ಲಿ ಏನು ನಡೆಯುತ್ತದೆ ಎಂದು ಒಬ್ಬರೂ ಬಂದು ನೋಡಲಿಲ್ಲ. ಸಂಜೆ ಟೈಲರ್‌ಗಳು ಸಾಲಾಗಿ ನಿಂತಿರುತ್ತಾರೆ. ಒಬ್ಬ ಜೇಬು ಹೊಲಿದವನು, ಒಬ್ಬ ಬೆಲ್ಟ್ ಹಾಕಿದವನು, ಒಬ್ಬಳು ದಾರ ಕತ್ತರಿಸಿದವಳು. ಪೀಸ್ ಲೆಕ್ಕದ ಕೂಲಿ, ಕೆಲಸಕ್ಕೊಂದು ದರ. ಮಧ್ಯದಲ್ಲಿ ಅಡ್ವಾನ್ಸ್ ತೆಗೆದುಕೊಂಡಿರುತ್ತಾರೆ, ಹಾಳಾದ ಪೀಸಿಗೆ ಕಡಿತ ಇರುತ್ತದೆ. ಆ ಹೊತ್ತಿನಲ್ಲಿ ಮೊಬೈಲ್ ತಿರುಗುತ್ತಾ ಕುಳಿತರೆ ನನ್ನ ಮರ್ಯಾದೆ ಹೋಗುತ್ತದೆ. ವಾಷಿಂಗ್‌ನಲ್ಲಿ ಇನ್ನೊಂದು ತಾಪತ್ರಯ. ಚೀಟಿ ನೀರಿಗೆ ನಿಲ್ಲುವುದಿಲ್ಲವೆಂದು ಜೇಬಿನ ಒಳಬಟ್ಟೆಯ ಮೇಲೆ ಮಾರ್ಕರ್‌ನಿಂದ ಲಾಟ್ ಸಂಖ್ಯೆ ಬರೆಯುತ್ತೇವೆ. ಎರಡು ಪಾರ್ಟಿಗಳ ಒಂದೇ ಬಣ್ಣದ ಮಾಲು ಒಟ್ಟಿಗೆ ಮೆಷಿನ್‌ಗೆ ಬಿದ್ದಾಗ ಕೊನೆಗೆ ಒದ್ದೆ ಪ್ಯಾಂಟಿನ ಜೇಬು ಹೊರಳಿಸಿ ಹೊರಳಿಸಿ ಸಂಖ್ಯೆ ಓದಬೇಕು. ನಿಮ್ಮ ಸಂಕೇತವನ್ನು ಆ ಒದ್ದೆ ಬಟ್ಟೆಯ ಮೇಲೆ ಎಲ್ಲಿ ಹಾಕುತ್ತೀರಿ?

ಇದನ್ನೆಲ್ಲ ಬಲ್ಲವನು ನಿಮ್ಮ ಮೂವರಲ್ಲಿ ಆ ಹೊಲಿಗೆ ಮನೆಯ ಹುಡುಗ ಒಬ್ಬನೇ. ಅವನನ್ನೇ ಕಾಗದದ ಹೊರಗಿಟ್ಟಿದ್ದೀರಿ ಎಂದು ಓದಿ ನನಗೆ ಸಂಕಟವಾಯಿತು. ನಾನು ದುಡ್ಡು ಹಾಕುವವನಾಗಿದ್ದರೆ ಮೊದಲು ಅವನ ಪಾಲು ಎಷ್ಟು ಎಂದು ಕೇಳುತ್ತಿದ್ದೆ.

ಲೆಕ್ಕದ ಪುಸ್ತಕ (ಬಳ್ಳಾರಿ)

ನಾನು ಲೆಕ್ಕಪರಿಶೋಧಕಿ. ಕಾಜಾ ಬಟನ್ ಅಣ್ಣನವರ ಮಾತನ್ನು ಕಾನೂನಿನ ಕಡೆಯಿಂದ ಮುಂದುವರಿಸುತ್ತೇನೆ. ಪ್ರಶ್ನೆ ಕೇಳಿದವರ ಬರಹದಲ್ಲಿ ಮೂರು ತೊಡಕುಗಳು ಕಂಡವು. ಮೂರೂ ಹೂಡಿಕೆದಾರರ ವಕೀಲರ ಕಣ್ಣಿಗೆ ಮೊದಲ ದಿನವೇ ಬೀಳುವಂಥವು.

ನೀವು ಬಾಯಲ್ಲಿ ಮೂವರು ಸಮಪಾಲುದಾರರು, ಕಾಗದದಲ್ಲಿ ಇಬ್ಬರೇ. ಹೀಗಿರುವಾಗ ಮೂರನೆಯವರಿಗೆ ಕಂಪನಿಯಲ್ಲಿ ಏನೂ ಇಲ್ಲ. ಹೂಡಿಕೆ ಬಂದು ಷೇರಿನ ಬೆಲೆ ಏರಿದ ಮೇಲೆ ಅವರಿಗೆ ಪಾಲು ಕೊಡಲು ಹೊರಟರೆ ಮೌಲ್ಯಮಾಪನ, ತೆರಿಗೆ ಎಲ್ಲವೂ ಎದುರಾಗುತ್ತವೆ. ಈಗ ಮುಖಬೆಲೆಯ ಆಸುಪಾಸಿನಲ್ಲಿ ಆಗುವ ಕೆಲಸ ಆಗ ದುಬಾರಿ. ತಂದೆಯವರ ಆಕ್ಷೇಪ ಏನೆಂದು ಸರಿಯಾಗಿ ಕೇಳಿಕೊಂಡಿದ್ದೀರಾ? ನಮ್ಮ ಕಡೆ ಹಿರಿಯರು ಹೆದರುವುದು ಸಾಲದ ಹೊಣೆಗೆ. ಪಾಲುದಾರಿಕೆ ಸಂಸ್ಥೆಯಲ್ಲಿ ಮನೆ ಹೊಲಕ್ಕೂ ಹೊಣೆ ಬರುತ್ತದೆ, ಆ ಭಯ ನ್ಯಾಯವಾದದ್ದೇ. ಪ್ರೈವೇಟ್ ಲಿಮಿಟೆಡ್ ಕಂಪನಿಯಲ್ಲಿ ಷೇರುದಾರನ ಹೊಣೆ ಅವನು ಷೇರಿಗೆ ಕೊಡಬೇಕಾದ ಹಣಕ್ಕೆ ಸೀಮಿತ, ಸ್ವಂತ ಜಾಮೀನಿಗೆ ಸಹಿ ಹಾಕದಿದ್ದರೆ ಮನೆಗೆ ತೊಂದರೆಯಿಲ್ಲ. ಇದನ್ನು ಅವರಿಗೆ ಕುಳಿತು ವಿವರಿಸಿ.

ಎರಡನೆಯದು ಮಾವನವರ ಐದು ಲಕ್ಷ. ಸೋದರಮಾವ ನಮಗೆ ಎಷ್ಟೇ ಹತ್ತಿರದವರಾದರೂ ಕಂಪನಿ ಕಾನೂನು ಕೊಡುವ ಸಂಬಂಧಿಕರ ಪಟ್ಟಿಯಲ್ಲಿ ಅವರಿಲ್ಲ. ಗಂಡ-ಹೆಂಡತಿ, ತಂದೆ-ತಾಯಿ, ಮಕ್ಕಳು, ಸೊಸೆ-ಅಳಿಯ, ಒಡಹುಟ್ಟಿದವರು, ಅವಿಭಕ್ತ ಕುಟುಂಬದ ಸದಸ್ಯರು, ಅಲ್ಲಿಗೆ ಮುಗಿಯಿತು. ನಿರ್ದೇಶಕರಿಂದಲೋ ಅವರ ಸಂಬಂಧಿಕರಿಂದಲೋ ಪ್ರೈವೇಟ್ ಕಂಪನಿ ಸಾಲ ಪಡೆಯಬಹುದು, ಅದು ಸಾಲ ತಂದ ಹಣವಲ್ಲ ಎಂಬ ಘೋಷಣೆ ಬೇಕು. ಮಾವನವರ ಹಣ ಆ ಸಾಲಿಗೆ ಸೇರುವುದಿಲ್ಲ. ಷೇರಿಗೆಂದು ಪಡೆದಿದ್ದರೆ 60 ದಿನಗಳಲ್ಲಿ ಷೇರು ಹಂಚಿಕೆ ಆಗಬೇಕು. ಆಗದಿದ್ದರೆ ಮುಂದಿನ 15 ದಿನಗಳಲ್ಲಿ ಹಿಂದಿರುಗಿಸಬೇಕು. ಅದೂ ಆಗದಿದ್ದರೆ ಅದು ಠೇವಣಿ ಎನಿಸಿಕೊಳ್ಳುತ್ತದೆ, ಠೇವಣಿ ನಿಯಮ ಮುರಿದದ್ದಕ್ಕೆ ದಂಡ ದೊಡ್ಡದು. ಹಣ ಕಂಪನಿಯ ಖಾತೆಗೆ ಬಂತೋ ನಿಮ್ಮ ಖಾತೆಗೆ ಬಂತೋ ನೋಡಿ ಹೇಳಿ. ನಿಮ್ಮ ಸ್ವಂತ ಖಾತೆಗೆ ಉಡುಗೊರೆಯಾಗಿ ಬಂದಿದ್ದರೆ ದಾರಿ ಸುಲಭ, ಯಾಕೆಂದರೆ ಆದಾಯ ತೆರಿಗೆ ಕಾನೂನಿನ ಪಟ್ಟಿಯಲ್ಲಿ ತಂದೆ-ತಾಯಿಯ ಒಡಹುಟ್ಟಿದವರೂ ಬರುತ್ತಾರೆ.

ಮೂರನೆಯದು ಕೋಡ್. ನೌಕರರು ಕೆಲಸದ ಭಾಗವಾಗಿ ಬರೆದದ್ದಕ್ಕೆ 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಮಾಲೀಕರು ಒಡೆಯರಾಗುತ್ತಾರೆ. ನೀವಿಬ್ಬರೂ ಕಂಪನಿ ಹುಟ್ಟುವ ಮೊದಲೇ ಬರೆದ ಕೋಡ್ ನಿಮ್ಮ ಸ್ವಂತದ್ದಾಗಿಯೇ ಉಳಿದಿದೆ. ಬರಹದ ಮೂಲಕ ಕಂಪನಿಗೆ ವಹಿಸಿಕೊಡಬೇಕು, ಅವಧಿ ಮತ್ತು ಪ್ರದೇಶವನ್ನು ಸ್ಪಷ್ಟವಾಗಿ ನಮೂದಿಸಬೇಕು. ಅವಧಿ ಬರೆಯದಿದ್ದರೆ ಐದು ವರ್ಷ ಎಂದೂ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದೂ ಕಾನೂನು ಭಾವಿಸುತ್ತದೆ. ಐದು ವರ್ಷದ ಮೇಲೆ ಆ್ಯಪ್ ಯಾರದು ಎಂಬ ಪ್ರಶ್ನೆ ಇರುವ ಕಂಪನಿಗೆ ಯಾರೂ ಹಣ ಹಾಕುವುದಿಲ್ಲ.

ಲಾಟ್ ಚೀಟಿ (ಬಳ್ಳಾರಿ)

ಮೇಡಂ, ಹಣ ಕಂಪನಿಯ ಖಾತೆಗೇ ಬಂದಿದೆ, ಕಳೆದ ತಿಂಗಳು.

ಇನ್ನೊಂದು ಮಾತನ್ನು ಮುಚ್ಚುಮರೆಯಿಲ್ಲದೆ ಕೇಳುತ್ತೇನೆ. ನಾವು ಹೈಸ್ಕೂಲಿನಿಂದ ಜೊತೆಗಿದ್ದವರು. ಈಗ ನಾನು ಹೋಗಿ "ನೀನು ಬಿಟ್ಟುಹೋದರೆ ನಿನ್ನ ಪಾಲು ವಾಪಸು" ಎಂಬ ಪತ್ರಕ್ಕೆ ಸಹಿ ಕೇಳಿದರೆ ಅವರ ಮೇಲೆ ನಂಬಿಕೆಯಿಲ್ಲ ಎಂದು ಹೇಳಿದಂತೆ ಆಗುವುದಿಲ್ಲವೇ? ಅವರ ಮನೆಯಲ್ಲಿ ಉಂಡು ಬೆಳೆದವನು ನಾನು.

ಹತ್ತಿ ಅಂಡಿಗೆ (ರಾಯಚೂರು)

ಈ ಸಂಕೋಚ ನಮ್ಮ ವ್ಯಾಪಾರದ ಓಣಿಗಳಲ್ಲಿ ಎಂದೂ ಇರಲಿಲ್ಲ. ನನ್ನ ತಾತನ ಕಾಲದಿಂದ ನಮ್ಮದು ಹತ್ತಿಯ ಅಡತ್ ಅಂಗಡಿ, ರಾಯಚೂರು ಮಾರುಕಟ್ಟೆಯಲ್ಲಿ. ಅಣ್ಣತಮ್ಮಂದಿರಷ್ಟೇ ಹತ್ತಿರದ ಪಾಲುದಾರರ ನಡುವೆಯೂ ಪಾಲುಪತ್ರ ಇತ್ತು. ಬಂಡವಾಳ ಹಾಕಿದವನಿಗೆ ಇಷ್ಟು, ಅಂಗಡಿಯಲ್ಲಿ ದಿನವಿಡೀ ಕುಳಿತು ದುಡಿಯುವವನಿಗೆ ಇಷ್ಟು, ಬಂಡವಾಳದ ಮೇಲೆ ಬಡ್ಡಿ ಇಷ್ಟು, ದುಡಿಯುವವನಿಗೆ ತಿಂಗಳ ಸಂಬಳ ಇಷ್ಟು, ಒಬ್ಬ ಹೊರಗೆ ಹೋದರೆ ಲೆಕ್ಕ ಯಾವ ದಿನಕ್ಕೆ ಮುಗಿಸಬೇಕು, ಅಂಗಡಿಯ ಹೆಸರು ಯಾರಿಗೆ ಉಳಿಯಬೇಕು, ಎಲ್ಲವನ್ನೂ ಬರೆಯುತ್ತಿದ್ದರು. ದೀಪಾವಳಿಯಲ್ಲಿ ಖಾತೆ ಪುಸ್ತಕ ಪೂಜೆಗಿಡುವ ಮೊದಲು ಎಲ್ಲರೂ ಕುಳಿತು ಲೆಕ್ಕ ಒಪ್ಪಿಕೊಳ್ಳಬೇಕಿತ್ತು. ಆ ಪತ್ರ ಇದ್ದುದರಿಂದಲೇ ಹಬ್ಬಕ್ಕೆ ಒಬ್ಬರ ಮನೆಗೆ ಇನ್ನೊಬ್ಬರು ಹೋಗುವುದು ಉಳಿಯಿತು ಎಂದು ನಮ್ಮ ತಂದೆ ಈಗಲೂ ಹೇಳುತ್ತಾರೆ.

ದುಡಿಮೆಗೆ ಬೇರೆ, ದುಡ್ಡಿಗೆ ಬೇರೆ ಬೆಲೆ ಕಟ್ಟುವುದನ್ನು ಬೆಂಗಳೂರಿನವರು ನಮಗೆ ಕಲಿಸಬೇಕಿಲ್ಲ.

ಎಡದಂಡೆ (ಸಿಂಧನೂರು, ಈಗ ಬೆಂಗಳೂರು)

ಅಂಡಿಗೆಯವರು ಹೇಳಿದ್ದು ಸರಿಯಾಗಿದೆ. ಹೂಡಿಕೆದಾರರ ಭಾಷೆಯಲ್ಲಿ ಇದಕ್ಕೆ ವೆಸ್ಟಿಂಗ್ ಎನ್ನುತ್ತಾರೆ, ಪಾಲನ್ನು ದುಡಿದು ಗಳಿಸಿಕೊಳ್ಳುವುದು ಎಂದಿಟ್ಟುಕೊಳ್ಳಿ. ಸಾಮಾನ್ಯವಾಗಿ ನಾಲ್ಕು ವರ್ಷದ ಲೆಕ್ಕ. ಮೊದಲ ವರ್ಷ ಮುಗಿಯುವ ಮೊದಲೇ ಹೋದರೆ ಏನೂ ಇಲ್ಲ, ಆಮೇಲೆ ತಿಂಗಳು ತಿಂಗಳಿಗೆ ಪಾಲು ಗಟ್ಟಿಯಾಗುತ್ತಾ ಹೋಗುತ್ತದೆ. ನಿಮ್ಮ ಮೂವರಿಗೂ ತಲಾ 3,000 ಷೇರು ಇವೆ ಎಂದುಕೊಳ್ಳಿ. ಒಬ್ಬರು 18 ತಿಂಗಳ ನಂತರ ಸರ್ಕಾರಿ ಕೆಲಸ ಸಿಕ್ಕಿತೆಂದು ಹೋದರೆ 48ರಲ್ಲಿ 18 ಭಾಗ, ಅಂದರೆ 1,125 ಷೇರು ಅವರಿಗೆ ಉಳಿಯುತ್ತದೆ. ಮಿಕ್ಕ 1,875 ಷೇರುಗಳನ್ನು ಪತ್ರದಲ್ಲಿ ಒಪ್ಪಿದ ಬೆಲೆಗೆ ಉಳಿದಿಬ್ಬರು ಕೊಳ್ಳುತ್ತಾರೆ. ಹೋದವರು ದುಡಿದದ್ದು ಅವರಿಗೇ ಸಿಕ್ಕಿತು, ಉಳಿದವರ ಮೇಲೂ ಸತ್ತ ಭಾರ ಬೀಳಲಿಲ್ಲ. ಪತ್ರ ಮೂವರಿಗೂ ಒಂದೇ, ನಿಮಗೂ ಅದೇ ಷರತ್ತು. ಮೊದಲ ಸಹಿ ನೀವೇ ಹಾಕಿ ಅವರ ಮುಂದಿಡಿ, ಅನುಮಾನದ ಮಾತು ಅಲ್ಲಿಗೆ ಮುಗಿಯುತ್ತದೆ.

ಗೆಳೆತನದ ಬಗ್ಗೆ ಇನ್ನೊಂದು ಸಂಗತಿ. ಮೊದಲೇ ಸಹೋದ್ಯೋಗಿಗಳಾಗಿದ್ದವರ ತಂಡಗಳಿಗಿಂತ ಬರೀ ಗೆಳೆಯರು ಮತ್ತು ನೆಂಟರ ತಂಡಗಳು ಬೇಗ ಒಡೆಯುತ್ತವೆ ಎಂಬುದನ್ನೂ ವಾಸರ್ಮನ್ ಕಂಡಿದ್ದಾರೆ. ಗೆಳೆಯರು ಕೆಲಸದ ಮಾತನ್ನು ಗೆಳೆತನಕ್ಕೆ ಧಕ್ಕೆಯಾದೀತೆಂದು ನುಂಗಿಕೊಳ್ಳುತ್ತಾರೆ. ಫ್ಲಿಪ್‌ಕಾರ್ಟ್ ಶುರುಮಾಡಿದ ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್ 2007ಕ್ಕೆ ಮೊದಲು ಅಮೆಜಾನ್‌ನಲ್ಲಿ ಜೊತೆಯಾಗಿ ಕೆಲಸ ಮಾಡಿದ್ದವರು, ಒಬ್ಬರ ಕೆಲಸದ ರೀತಿ ಇನ್ನೊಬ್ಬರಿಗೆ ಗೊತ್ತಿತ್ತು. ನಿಮಗೆ ಆ ಅನುಕೂಲ ಇಲ್ಲದಿದ್ದರೂ ಈ ಆ್ಯಪ್ ಕಟ್ಟಿದ ಕಾಲವೇ ನಿಮ್ಮ ಜೊತೆಗೆಲಸ. ಆ ಅವಧಿಯಲ್ಲಿ ಯಾವ ವಿಷಯಕ್ಕೆ ಜಗಳವಾಯಿತು, ಹೇಗೆ ಬಗೆಹರಿಯಿತು ಎಂಬುದನ್ನು ಹೂಡಿಕೆದಾರರಿಗೆ ಹೇಳಿ. ಜಗಳವೇ ಆಗಿಲ್ಲ ಎನ್ನುವ ತಂಡವನ್ನು ಅವರು ನಂಬುವುದಿಲ್ಲ.

ಕಸುಬಿನ ತಿಳಿವಳಿಕೆಯೇ ಮುಖ್ಯ ಎಂದು ಕಾಜಾ ಬಟನ್ ಅವರು ಎತ್ತಿದ್ದು ಹಳೆಯ ವಾದ, ಮತ್ತು ಅದರಲ್ಲಿ ಹುರುಳಿದೆ. ಸ್ಟೀವನ್ ಕಪ್ಲಾನ್ ಮತ್ತು ಸಂಗಡಿಗರು ಹೂಡಿಕೆ ಪಡೆದು ಷೇರುಪೇಟೆಯವರೆಗೆ ಬೆಳೆದ 50 ಕಂಪನಿಗಳ ಮೊದಲ ಯೋಜನೆಗಳನ್ನು ತೆಗೆದು ನೋಡಿದರು. ವ್ಯಾಪಾರದ ಮೂಲ ದಾರಿ ಬಹುಪಾಲು ಹಾಗೆಯೇ ಉಳಿದಿತ್ತು, ಬದಲಾದದ್ದು ಮೇಲಿನ ಜನ. ಹಾಗಾಗಿ ಒಳ್ಳೆಯ ತಂಡ ಕೆಟ್ಟ ವ್ಯಾಪಾರವನ್ನು ಎತ್ತಿ ನಿಲ್ಲಿಸುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ಮಾರುಕಟ್ಟೆ ಬಲ್ಲವನು ಹುಟ್ಟಿನಿಂದಲೇ ಆ ಕಸುಬಿನವನಾಗಿರಬೇಕು ಎಂಬುದನ್ನು ಒಪ್ಪಲಾರೆ. ರೆಡ್‌ಬಸ್ ಎಂಬ ಬಸ್ ಟಿಕೆಟ್ ಕಂಪನಿ ಕಟ್ಟಿದ ಫಣೀಂದ್ರ ಸಾಮಾ ಮತ್ತು ಇಬ್ಬರು ಗೆಳೆಯರು ಇಂಜಿನಿಯರುಗಳು, ಬಸ್ ವ್ಯವಹಾರದ ಗಂಧ ಇರಲಿಲ್ಲ. ಹಬ್ಬಕ್ಕೆ ಊರಿಗೆ ಹೋಗಲು ಟಿಕೆಟ್ ಸಿಗದ ಸಿಟ್ಟಿನಿಂದ ಹುಟ್ಟಿದ ಯೋಚನೆ ಅದು. ಏಜೆಂಟರ ಬಳಿ, ಬಸ್ ಮಾಲೀಕರ ಬಳಿ ಹೋಗಿ ಹೋಗಿ ಕಲಿತರು. 2006ರಲ್ಲಿ ಶುರುವಾದ ಕಂಪನಿಯನ್ನು 2013ರಲ್ಲಿ ಐಬಿಬೊ ಎಂಬ ಕಂಪನಿ ಕೊಂಡಿತು.

ಕಾಜಾ ಬಟನ್ (ಬಳ್ಳಾರಿ)

ಕಲಿಯಬಹುದು, ಒಪ್ಪಿದೆ. ಹಾಗಾದರೆ ಕೋಡ್ ಬರೆಯುವ ಆ ಇಬ್ಬರೂ ಬಟವಾಡೆಯ ದಿನ ನನ್ನ ಘಟಕಕ್ಕೆ ಬಂದು ಕುಳಿತುಕೊಳ್ಳಲಿ. ಚಹಾ ನನ್ನದು.

ಕಿನ್ನಾಳ ದಾರಿ (ಕೊಪ್ಪಳ)

ನಾನು ಮತ್ತು ನನ್ನ ಗೆಳತಿ ಕುಷ್ಟಗಿ ಭಾಗದ ದಾಳಿಂಬೆ ಬೆಳೆಗಾರರ ಜೊತೆ ಕೆಲಸ ಮಾಡುತ್ತಿದ್ದೇವೆ. ಮಾರುಕಟ್ಟೆಗೆ ಹೋಗದ ಸೀಳು ಹಣ್ಣಿನ ಕಾಳು ಬಿಡಿಸಿ ರಸ ಮಾಡುವ ಘಟಕ. ಇಲ್ಲಿ ಯಾರೂ ಎತ್ತದ ಎರಡು ಪ್ರಶ್ನೆಗಳನ್ನು ನಮಗೆ ಹೂಡಿಕೆದಾರರು ಕೇಳಿದ್ದಾರೆ. ಒಂದು, ಮದುವೆಯಾದ ಮೇಲೆ ಏನು ಮಾಡುತ್ತೀರಿ. ಎರಡು, ಬೆಂಗಳೂರಿಗೆ ಯಾವಾಗ ಬರುತ್ತೀರಿ.

ಮೊದಲ ಪ್ರಶ್ನೆಗೆ ನನಗೆ ಇನ್ನೂ ಕೋಪವಿದೆ. ನಮ್ಮ ಮುಂದೆಯೇ ಬಂದಿದ್ದ ಹುಡುಗರ ತಂಡಕ್ಕೆ ಅದನ್ನು ಕೇಳಲಿಲ್ಲ. ಹಾಗೆ ನೋಡಿದರೆ ಸಂಸಾರದ ಜವಾಬ್ದಾರಿ ಹೆಗಲಿಗೆ ಬಿದ್ದ ಮೇಲೆ ಸಂಬಳದ ಕೆಲಸಕ್ಕೆ ಓಡುವವರಲ್ಲಿ ಗಂಡಸರೇನು ಕಡಿಮೆಯೇ? ಬಿಟ್ಟುಹೋಗುವ ಭಯಕ್ಕೆ ಎಡದಂಡೆಯವರು ಹೇಳಿದ ವೆಸ್ಟಿಂಗ್ ಪತ್ರ ಇದೆಯಲ್ಲ, ಅದು ಗಂಡು ಹೆಣ್ಣು ಎಂದು ನೋಡುವುದಿಲ್ಲ. ನಾವು ಆ ಪತ್ರವನ್ನೇ ಮೇಜಿನ ಮೇಲಿಟ್ಟು "ನಮ್ಮ ಉತ್ತರ ಇದರಲ್ಲಿದೆ" ಎಂದೆವು. ಆ ಸಂಸ್ಥೆ ಹಣ ಹಾಕಲಿಲ್ಲ. ನಮಗೂ ಅವರ ಜೊತೆ ಐದಾರು ವರ್ಷ ಕೂಡಿ ಬಾಳುವುದು ಬೇಕಿರಲಿಲ್ಲ.

ಊರಿನ ಪ್ರಶ್ನೆ ಬೇರೆ ಥರದ್ದು. ನಮ್ಮ ಹಣ್ಣು ಇಲ್ಲಿದೆ, ಬೆಳೆಗಾರರು ಇಲ್ಲಿದ್ದಾರೆ, ನಾವು ಹೋಗಿ ಬೆಂಗಳೂರಿನಲ್ಲಿ ಏನು ಮಾಡುವುದು? ಆದರೂ ಒಂದನ್ನು ಗಮನಿಸಿದ್ದೇನೆ: ಅವರಿಗೆ ನಾವಿರುವ ಊರಿಗಿಂತ, ಒಳ್ಳೆಯ ಕೆಲಸಗಾರರನ್ನು ಈ ಊರಿಗೆ ತರಲು ಸಾಧ್ಯವೇ ಎಂಬುದರ ಬಗ್ಗೆ ಹೆಚ್ಚು ಅನುಮಾನ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಆಹಾರ ಸಂಸ್ಕರಣೆ ಓದಿದ ಹುಡುಗಿಯೊಬ್ಬಳು ನಮ್ಮಲ್ಲಿ ಕೆಲಸಕ್ಕೆ ಸೇರಿದ ಮೇಲೆ ಮಾತಿನ ಧಾಟಿಯೇ ಬದಲಾಯಿತು.

ಹೊಸ ಓದುಗ (ಗಂಗಾವತಿ)

ಇಷ್ಟೆಲ್ಲ ಷರತ್ತು ಕೇಳುವ ಹೂಡಿಕೆದಾರರು ಬೇಕೇ ಬೇಕೇ? ಷೇರು ವಹಿವಾಟಿನ ಝೆರೋಧಾ ಕಂಪನಿ ಕಟ್ಟಿದ ಕಾಮತ್ ಸಹೋದರರು ಹೊರಗಿನ ಹೂಡಿಕೆ ಪಡೆಯಲಿಲ್ಲ. ಸಾಫ್ಟ್‌ವೇರ್ ಕಂಪನಿ ಝೋಹೋ ಕೂಡ ಹಾಗೆಯೇ ಬೆಳೆಯಿತು, ತೆಂಕಾಶಿಯಂಥ ಊರಿನಲ್ಲಿ ಕಚೇರಿ ಮಾಡಿ ತೋರಿಸಿತು. ನಮ್ಮ ಕಡೆಯ ಅಕ್ಕಿ ಗಿರಣಿಗಳೆಲ್ಲ ಬ್ಯಾಂಕ್ ಸಾಲ ಮತ್ತು ಸ್ವಂತ ಹಣದಿಂದ ನಿಂತವು. ಗಿರಾಕಿಯ ಹಣದಲ್ಲೇ ಬೆಳೆಯಿರಿ ಎನ್ನುತ್ತೇನೆ.

ಎಡದಂಡೆ (ಸಿಂಧನೂರು, ಈಗ ಬೆಂಗಳೂರು)

ಗಂಗಾವತಿಯವರ ಪ್ರಶ್ನೆ ನ್ಯಾಯವಾದದ್ದು. ಗಿರಣಿಗೆ ಬ್ಯಾಂಕ್ ಸಾಲ ಕೊಡುತ್ತದೆ, ಯಾಕೆಂದರೆ ಯಂತ್ರ, ಕಟ್ಟಡ, ದಾಸ್ತಾನು ಇದೆ. ಆ್ಯಪ್‌ನಲ್ಲಿ ಅಡವಿಡಲು ಏನೂ ಇಲ್ಲ. ನಿಧಾನವಾಗಿ ಬೆಳೆದರೂ ಸಾಕು ಎನ್ನುವವರು ಹೊರಗಿನ ಪಾಲುದಾರರನ್ನು ತರದಿರುವುದೇ ಲೇಸು, ಹಣ ಹಾಕಿದವರು ಹಲವು ಪಟ್ಟು ಬೆಳವಣಿಗೆ ಕೇಳುತ್ತಾರೆ, ನಡುದಾರಿಯಲ್ಲಿ ನಿಲ್ಲಲು ಬಿಡುವುದಿಲ್ಲ. ಬಳ್ಳಾರಿಯ ಮೂವರು ಇದನ್ನೂ ತಮ್ಮಲ್ಲಿ ಮಾತನಾಡಿಕೊಳ್ಳಬೇಕು: ಬಳ್ಳಾರಿಗೆ ಸಾಕಾಗುವಷ್ಟು ಬೆಳೆದು ಮನೆ ನಡೆಸುವ ಕಂಪನಿಯೋ, ತಮಿಳುನಾಡಿನ ಸಿದ್ಧ ಉಡುಪಿನ ಊರು ತಿರುಪುರದವರೆಗೆ ಹೋಗುವ ಕಂಪನಿಯೋ. ಒಬ್ಬರಿಗೆ ಇದು, ಇನ್ನೊಬ್ಬರಿಗೆ ಅದು ಬೇಕಾಗಿದ್ದರೆ ಯಾವ ಪತ್ರವೂ ಆ ತಂಡವನ್ನು ಕಾಪಾಡುವುದಿಲ್ಲ.

ಪಾಲು ಬಿಟ್ಟುಕೊಡದೆ ಸಿಗುವ ಹಣವೂ ಇದೆ. ರಾಜ್ಯ ಸರ್ಕಾರದ ಎಲಿವೇಟ್ ಕಾರ್ಯಕ್ರಮದಲ್ಲಿ ಆಯ್ಕೆಯಾದವರಿಗೆ ಗರಿಷ್ಠ 50 ಲಕ್ಷ ರೂಪಾಯಿಯವರೆಗೆ ಅನುದಾನ, ಕಲ್ಯಾಣ ಕರ್ನಾಟಕದವರಿಗೆಂದೇ ಪ್ರತ್ಯೇಕ ಸುತ್ತು ನಡೆದಿದೆ. ಕೇಂದ್ರದ ಬೀಜನಿಧಿ ಯೋಜನೆ 2021ರಲ್ಲಿ 945 ಕೋಟಿಯೊಂದಿಗೆ ಶುರುವಾಯಿತು. ಹೊಸ ಕಂಪನಿಗಳಿಗೆ ನೆರವಾಗುವ ಇನ್‌ಕ್ಯುಬೇಟರ್ ಸಂಸ್ಥೆಗಳ ಮೂಲಕ ಪ್ರಯೋಗದ ಹಂತಕ್ಕೆ 20 ಲಕ್ಷದವರೆಗೆ ಅನುದಾನ, ಕಂತು ಕಂತಾಗಿ. ಅದರ ನಿಯಮದಲ್ಲಿ ಕಂಪನಿಗೆ ಎರಡು ವರ್ಷ ಮೀರಿರಬಾರದು, ಭಾರತೀಯ ಪ್ರವರ್ತಕರ ಪಾಲು ಕನಿಷ್ಠ ಶೇ. 51 ಇರಬೇಕು. ಅರ್ಜಿ ಹಾಕುವ ಮೊದಲು ಯಾವ ಸುತ್ತು ತೆರೆದಿದೆ ಎಂದು ವಿಚಾರಿಸಿ. ಇಂಥ ಸಂಸ್ಥೆಗಳಲ್ಲಿ ಹುಬ್ಬಳ್ಳಿಯ ದೇಶಪಾಂಡೆ ಸ್ಟಾರ್ಟಪ್ಸ್ ನಮಗೆ ಹತ್ತಿರ, ಕಿನ್ನಾಳ ದಾರಿಯವರಿಗಾದರೆ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿಕ್ ಇದೆ. ಅಲ್ಲಿಯೂ ಆಯ್ಕೆ ಸಮಿತಿ ತಂಡವನ್ನು ನೋಡಿಯೇ ನೋಡುತ್ತದೆ.

ಲಾಟ್ ಚೀಟಿ (ಬಳ್ಳಾರಿ)

ಎಲ್ಲರಿಗೂ ಮನಸಾರೆ ಧನ್ಯವಾದ. ಇಲ್ಲಿಯ ಉತ್ತರಗಳನ್ನೆಲ್ಲ ಮೂವರೂ ಓದಿದೆವು, ಭಾನುವಾರ ಮೂರನೆಯ ಗೆಳೆಯನ ಮನೆಯಲ್ಲೇ ಕುಳಿತೆವು. ಅವನ ತಂದೆಯವರೂ ಬಂದು ಕುಳಿತರು. ಅವರ ಆಕ್ಷೇಪ ಮೇಡಂ ಹೇಳಿದ್ದೇ: ಜಾಮೀನು. ಹಿಂದೆ ಯಾರದೋ ಸಾಲಕ್ಕೆ ಸಹಿ ಹಾಕಿ ನೊಂದವರು ಅವರು. ವಿವರಿಸಿದ ಮೇಲೆ ಮಗನ ಹೆಸರಿಗೆ ಷೇರು ಆಗಲಿ, ಆದರೆ ಯಾವ ಸಾಲಕ್ಕೂ ಅವನಾಗಲಿ ನಾನಾಗಲಿ ಜಾಮೀನು ನಿಲ್ಲುವುದಿಲ್ಲ ಎಂದು ಪತ್ರದಲ್ಲಿ ಬರೆಯಿರಿ ಎಂದರು. ಒಪ್ಪಿದೆವು.

ಅವನು ದಸರಾ ಸೀಸನ್ನಿನ ಆರ್ಡರ್ ಮುಗಿದ ಮೇಲೆ ಪೂರ್ತಿ ಕಂಪನಿಗೇ ಬರುತ್ತಾನೆ. ಅಲ್ಲಿಯವರೆಗೆ ಅವನ ಪಾಲಿನ ಲೆಕ್ಕ ಶುರುವಾಗುವುದಿಲ್ಲ ಎಂದು ಅವನೇ ಹೇಳಿದ, ನಾವು ಕೇಳಿರಲಿಲ್ಲ. ಪಾಲು ಸಮವಾಗಿಯೇ ಇರಲಿ ಎಂದು ತೀರ್ಮಾನವಾಯಿತು, ಈ ಸಲ ಕಾರಣ ಬರೆದಿಟ್ಟುಕೊಂಡಿದ್ದೇವೆ. ಕೋಡ್ ಬರೆಯಲು ಇನ್ನೊಬ್ಬರನ್ನು ಸಂಬಳಕ್ಕೆ ತರಬಹುದು, ವಾಷಿಂಗ್‌ನವರನ್ನು ಒಪ್ಪಿಸುವವನನ್ನು ಸಂಬಳಕ್ಕೆ ತರಲಾಗದು. ಬೆಳೆಯುವ ವಿಷಯದಲ್ಲಿ ಮೂವರದೂ ಒಂದೇ ಮನಸ್ಸು, ತಿರುಪುರದವರೆಗೂ ಹೋಗಬೇಕು.

ಬಗೆಹರಿಯದೆ ಉಳಿದದ್ದು ಕೊನೆಯ ಮಾತು ಯಾರದು ಎಂಬುದು. ನಾನು ಸಿಇಒ, ಅಂದರೆ ಕಂಪನಿಯ ಮುಖ್ಯಸ್ಥ, ಆಗಬೇಕು ಎಂದು ಸಹಪಾಠಿ ಹೇಳುತ್ತಾನೆ. ಗಿರಾಕಿಗಳು ಗುರುತಿಸುವುದು ಮೂರನೆಯ ಗೆಳೆಯನನ್ನು, ಅವನೇ ಆಗಲಿ ಎಂದು ನನಗೆ ಅನಿಸುತ್ತದೆ. ಅವನಿಗೆ ಇಂಗ್ಲಿಷಿನಲ್ಲಿ ಹೂಡಿಕೆದಾರರ ಮುಂದೆ ಮಾತನಾಡಲು ಹಿಂಜರಿಕೆ.

ಎಡದಂಡೆ (ಸಿಂಧನೂರು, ಈಗ ಬೆಂಗಳೂರು)

ಇಂಗ್ಲಿಷಿನ ಕಾರಣಕ್ಕೆ ಅವನನ್ನು ಪಕ್ಕಕ್ಕೆ ಸರಿಸಬೇಡಿ. ಬಟವಾಡೆಯ ಸಂಜೆಯನ್ನು ಕಾಜಾ ಬಟನ್ ಅವರು ಇಲ್ಲಿ ವಿವರಿಸಿದ ಹಾಗೆ ಅವನು ಕನ್ನಡದಲ್ಲಿ ಹೇಳಲಿ, ಬೇಕಾದರೆ ನೀವು ಪಕ್ಕದಲ್ಲಿ ಕುಳಿತು ಇಂಗ್ಲಿಷಿನಲ್ಲಿ ಹೇಳಿ. ಕಸುಬು ಬಲ್ಲವನ ಮಾತನ್ನು ಯಾವ ಭಾಷೆಯಲ್ಲಾದರೂ ಗುರುತಿಸುವ ಹೂಡಿಕೆದಾರರು ಇದ್ದಾರೆ, ಅಂಥವರನ್ನೇ ಹುಡುಕಿ.

ಕೊನೆಯ ಮಾತಿನ ಬಗ್ಗೆ: ಎಲ್ಲ ವಿಷಯಕ್ಕೂ ಒಬ್ಬರೇ ಆಗಬೇಕಿಲ್ಲ. ಬೆಲೆ ಮತ್ತು ಗಿರಾಕಿ ಒಬ್ಬರಿಗೆ, ಆ್ಯಪ್ ಒಬ್ಬರಿಗೆ, ಹಣ ಮತ್ತು ನೇಮಕ ಒಬ್ಬರಿಗೆ ಎಂದು ಹಂಚಿ, ಹಂಚಿಕೆಯಲ್ಲಿ ಬಾರದ ವಿಷಯಕ್ಕೆ ಸಿಇಒ ಮಾತು ನಡೆಯಲಿ. ಇನ್ಫೋಸಿಸ್‌ನ ಕಥೆ ನಿಮಗೆ ಗೊತ್ತಿರಬಹುದು. 1981ರಲ್ಲಿ ಏಳು ಮಂದಿ ಶುರುಮಾಡಿದರು. 1990ರಲ್ಲಿ ಕಂಪನಿಯನ್ನು ಕೊಳ್ಳುತ್ತೇವೆಂದು ಒಬ್ಬರು ಮುಂದೆ ಬಂದಾಗ ಮಾರಿಬಿಡೋಣ ಎಂಬ ಅಭಿಪ್ರಾಯ ಒಳಗೇ ಇತ್ತು. ನಿಮ್ಮೆಲ್ಲರ ಪಾಲನ್ನು ನಾನೇ ಕೊಳ್ಳುತ್ತೇನೆ ಎಂದು ನಾರಾಯಣಮೂರ್ತಿಯವರು ಹೇಳಿದ ಮೇಲೆ ಉಳಿದವರೂ ಜೊತೆಗೆ ನಿಂತರು. ಹಾಗೆ ಹೇಳುವಷ್ಟು ನಂಬಿಕೆ ನಿಮ್ಮಲ್ಲಿ ಯಾರಿಗೆ ಇದೆ ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳಿ, ಸಿಇಒ ಯಾರೆಂಬುದು ಅಲ್ಲಿ ಗೊತ್ತಾಗುತ್ತದೆ.

ಲೆಕ್ಕದ ಪುಸ್ತಕ (ಬಳ್ಳಾರಿ)

ಮಾವನವರ ಹಣ ಕಂಪನಿಯ ಖಾತೆಗೆ ಕಳೆದ ತಿಂಗಳು ಬಂದಿದೆ ಎಂದಿರಿ, ಹಾಗಾದರೆ 60 ದಿನಗಳ ಗಡುವಿಗೆ ಹೆಚ್ಚು ಸಮಯವಿಲ್ಲ. ಅವರಿಗೆ ಷೇರು ಕೊಡುವುದಾದರೆ ಖಾಸಗಿ ಹಂಚಿಕೆಯ, ಅಂದರೆ ಆಯ್ದ ಕೆಲವರಿಗಷ್ಟೇ ಷೇರು ಕೊಡುವ, ವಿಧಾನದಲ್ಲೇ ಆಗಬೇಕಿತ್ತು, ಹಣ ಮೊದಲೇ ಬಂದುಬಿಟ್ಟಿದೆ. ಹಿಂದಿರುಗಿಸಿ, ಕ್ರಮವಾಗಿ ಮತ್ತೆ ಪಡೆಯುವುದೇ ನೇರ ದಾರಿ ಎಂದು ನನಗೆ ಕಾಣುತ್ತದೆ, ದಾಖಲೆ ನೋಡಿದ ಮೇಲೆ ಖಚಿತವಾಗಿ ಹೇಳುತ್ತೇನೆ. ಮೂರನೆಯವರ ಷೇರು ಅದಕ್ಕಿಂತ ಮೊದಲು ಆಗಲಿ, ಬೆಲೆ ಏರುವ ಮುನ್ನ.

ಪತ್ರದ ಕರಡನ್ನು ಮೂವರೂ ಬೇರೆ ಬೇರೆಯಾಗಿ ಓದಿ, ಅವರವರ ಪ್ರಶ್ನೆಗಳನ್ನು ಬರೆದುಕೊಂಡು ನಿಮ್ಮ ಲೆಕ್ಕಪರಿಶೋಧಕರ ಬಳಿ ಹೋಗಿ. ಬ್ಯಾಂಕ್ ಖಾತೆಯ ವಿವರ, ನೋಂದಣಿ ಪ್ರಮಾಣಪತ್ರ, ಇಲ್ಲಿಯವರೆಗಿನ ನಿರ್ದೇಶಕರ ಸಭೆಯ ನಡಾವಳಿ ಜೊತೆಗಿರಲಿ. ಜಾಮೀನಿನ ಷರತ್ತನ್ನು ಗೆಳೆಯನ ತಂದೆಯವರು ಹೇಳಿದ ಮಾತಿನಲ್ಲೇ ಬರೆಸಿ, ಕನ್ನಡದಲ್ಲೂ ಒಂದು ಪ್ರತಿ ಮಾಡಿ ಅವರ ಕೈಗೆ ಕೊಡಿ.